ಬೆರಳಿನ ಗುರುತು, ಸಂಪಾದಕನ ಕೈ

ಮೊಳಕಾಲ್ಮುರು ತಾಲ್ಲೂಕಿನ ಬ್ರಹ್ಮಗಿರಿಯಲ್ಲಿ ಅಶೋಕನ ಶಾಸನವಿದೆ. ಸಿದ್ದಾಪುರ, ಜಟಿಂಗ ರಾಮೇಶ್ವರಗಳ ಶಾಸನಗಳ ಜೊತೆಗೆ ಇದನ್ನೂ 1892ರಲ್ಲಿ ಬಿ.ಎಲ್. ರೈಸ್ ಬೆಳಕಿಗೆ ತಂದರು. ಶಾಸನವೆಲ್ಲ ಬ್ರಾಹ್ಮಿ ಲಿಪಿಯಲ್ಲಿದೆ. ಕೊನೆಗೆ ಬರೆದವನು ತನ್ನ ಹೆಸರು ಚಪಡ ಎಂದು ಹೇಳಿಕೊಂಡು, ಲಿಪಿಕಾರ ಎಂಬ ತನ್ನ ಕಸುಬಿನ ಮಾತನ್ನು ಮಾತ್ರ ವಾಯವ್ಯ ಸೀಮೆಯ ಖರೋಷ್ಠಿಯಲ್ಲಿ ಕೆತ್ತಿದ್ದಾನೆ. ರಾಜನ ಮಾತು ಎಲ್ಲಿಗೆ ಮುಗಿಯಿತು, ತನ್ನದು ಎಲ್ಲಿಂದ ಶುರುವಾಯಿತು ಎಂಬುದರಲ್ಲಿ ಗೊಂದಲವೇ ಉಳಿಯದಂತೆ ಮಾಡಿದ ಮನುಷ್ಯ. ಸಂಗೀತದ ಪುಸ್ತಕ ಅಚ್ಚು ಹಾಕುವವರೆಲ್ಲ ಇಷ್ಟು ಪ್ರಾಮಾಣಿಕರಾಗಿದ್ದರೆ ಈ ಲೇಖನ ಬರೆಯುವ ಅಗತ್ಯವೇ ಬೀಳುತ್ತಿರಲಿಲ್ಲ.

ಇದೇ ಸೀಮೆಯ ತಳಕಿನವರು ಟಿ.ಎಸ್. ವೆಂಕಣ್ಣಯ್ಯ (1885–1939). ಮೈಸೂರು ವಿಶ್ವವಿದ್ಯಾನಿಲಯದ ಮೊದಲ ಕನ್ನಡ ಪ್ರಾಧ್ಯಾಪಕರು, ಕುವೆಂಪು ತಮ್ಮ ಮಹಾಕಾವ್ಯವನ್ನು ಅರ್ಪಿಸಿದ ಗುರು. ಎ.ಆರ್. ಕೃಷ್ಣಶಾಸ್ತ್ರಿಗಳೊಡನೆ ರಾಘವಾಂಕನ ಹರಿಶ್ಚಂದ್ರ ಕಾವ್ಯದ ಸಂಗ್ರಹವನ್ನು ಹೊರತಂದವರು. ಹಳೆಯ ಓಲೆಗರಿಗಳನ್ನು ಹೋಲಿಸಿ ಪಾಠ ನಿರ್ಣಯಿಸಿ, ಒಪ್ಪದೆ ಬಿಟ್ಟ ಪಾಠವನ್ನು ಅಡಿಟಿಪ್ಪಣಿಯಲ್ಲಿ ಕೊಡುವ ಶಿಸ್ತು ಕನ್ನಡದಲ್ಲಿ ಬೇರೂರಿದ್ದು ಆ ತಲೆಮಾರಿನವರ ಕಾಲದಲ್ಲಿ. ಡಿ.ಎಲ್. ನರಸಿಂಹಾಚಾರ್ಯರ ‘ಕನ್ನಡ ಗ್ರಂಥಸಂಪಾದನೆ’ 1964ರಲ್ಲಿ ಅದಕ್ಕೊಂದು ಶಾಸ್ತ್ರವನ್ನೇ ಕಟ್ಟಿಕೊಟ್ಟಿತು. ಪಂಪನನ್ನೋ ರಾಘವಾಂಕನನ್ನೋ ಓದುವ ಕನ್ನಡಿಗ ಯಾವ ಆವೃತ್ತಿ, ಸಂಪಾದಕರು ಯಾರು ಎಂದು ವಿಚಾರಿಸುತ್ತಾನೆ. ಅದೇ ಕನ್ನಡಿಗ ವೀಣೆಗೋ ಮ್ಯಾಂಡೊಲಿನ್‌ಗೋ ಸ್ವರಲಿಪಿಯ ಪುಸ್ತಕ ಕೊಳ್ಳುವಾಗ ರಟ್ಟಿನ ಬಣ್ಣ ನೋಡಿ ಕೊಳ್ಳುತ್ತಾನೆ. ಮೀಟುವ ತಂತಿವಾದ್ಯಗಳ ಹಳೆಯ ಸಂಗೀತ ಅಚ್ಚಿಗೆ ಬಂದ ದಾರಿಯನ್ನು ಯುರೋಪಿನ ಕಡೆಯಿಂದಲೂ ನಮ್ಮ ಕಡೆಯಿಂದಲೂ ಇಲ್ಲಿ ನೋಡಹೊರಟಿದ್ದೇನೆ. ಎರಡೂ ಕಡೆಯ ತೊಡಕು ಒಂದೇ: ಹಸ್ತಪ್ರತಿಯಲ್ಲಿ ಇಲ್ಲದ್ದನ್ನು ತುಂಬುವವನು ಸಂಪಾದಕ. ತುಂಬಿದ್ದು ಎಲ್ಲಿ ಎಂದು ಅವನು ತೋರಿಸುತ್ತಾನೋ ಇಲ್ಲವೋ ಎಂಬುದರ ಮೇಲೆ ಪುಸ್ತಕದ ಬೆಲೆ ನಿಂತಿದೆ.

ಯುರೋಪಿನಲ್ಲಿ ಬರೋಕ್ ಕಾಲ ಎಂದರೆ ಸುಮಾರು 1600ರಿಂದ 1750. ಅಲ್ಲಿನ ಲ್ಯೂಟ್ ನಮ್ಮ ವೀಣೆಯ ದೂರದ ದಾಯಾದಿ: ಮರದ ಪಟ್ಟಿಗಳನ್ನು ಅಂಟಿಸಿ ಮಾಡಿದ ಹೊಟ್ಟೆ, ಕರುಳಿನ ತಂತಿ, ದಂಡಿಗೆ ಸುತ್ತಿ ಕಟ್ಟಿದ ಕರುಳಿನ ಮೆಟ್ಟಿಲು. ಇದರ ಸಂಗೀತವನ್ನು ಐದು ಗೆರೆಯ ಸ್ಟಾಫ್ ನೊಟೇಶನ್ನಿನಲ್ಲಿ ಬರೆಯುತ್ತಿದ್ದುದು ಕಡಿಮೆ, ಟ್ಯಾಬ್ಲೇಚರ್‌ನಲ್ಲಿ ಬರೆಯುತ್ತಿದ್ದುದೇ ಹೆಚ್ಚು. ಆರು ಗೆರೆ ಎಂದರೆ ಆರು ತಂತಿ. ಗೆರೆಯ ಮೇಲೆ ಫ್ರೆಂಚರು ಅಕ್ಷರ ಇಡುತ್ತಿದ್ದರು, ಇಟಲಿಯವರು ಅಂಕಿ. ಅದೂ ಇಟಲಿಯ ಪದ್ಧತಿಯಲ್ಲಿ ಮೇಲಿನ ಗೆರೆ ಮಂದ್ರದ ತಂತಿ, ಫ್ರೆಂಚ್ ಪದ್ಧತಿಯಲ್ಲಿ ಕೆಳಗಿನದು ಮಂದ್ರ. ಎಲ್ಲಿ ಬೆರಳಿಡಬೇಕು, ಯಾವಾಗ ಮೀಟಬೇಕು ಎಂಬುದಿಷ್ಟೇ ಅದರಲ್ಲಿ ಇರುತ್ತದೆ. ಮೀಟಿದ ಸ್ವರ ಎಷ್ಟು ಹೊತ್ತು ನಿಲ್ಲಬೇಕು, ಯಾವುದು ಮೇಲಿನ ಎಳೆ, ಯಾವುದು ಕೆಳಗಿನ ಎಳೆ ಎಂಬುದು ಇರುವುದಿಲ್ಲ. ಮೊಳಕಾಲ್ಮುರಿನ ಸೀರೆ ನೇಯುವವರ ಜಕಾರ್ಡ್ ಕಾರ್ಡಿನ ತೂತುಗಳು ಯಾವ ಎಳೆ ಏಳಬೇಕೆಂದು ಹೇಳುತ್ತವೆಯೇ ಹೊರತು ಅಂಚಿನ ಮೇಲೆ ನವಿಲು ಬರುತ್ತದೋ ಹಂಸ ಬರುತ್ತದೋ ನೋಡಿದವನಿಗೆ ತೋರಿಸುವುದಿಲ್ಲ, ಇದೂ ಹಾಗೆಯೇ. ಟ್ಯಾಬ್ಲೇಚರನ್ನು ಸ್ಟಾಫಿಗೆ ಇಳಿಸುವವನು ಪ್ರತಿ ಸ್ವರದ ಉದ್ದವನ್ನು ತಾನೇ ತೀರ್ಮಾನಿಸಬೇಕು. ಅಂದರೆ ಸ್ಟಾಫಿನಲ್ಲಿ ಅಚ್ಚಾದ ಬರೋಕ್ ಲ್ಯೂಟ್ ಸಂಗೀತವೆಲ್ಲ ಅಷ್ಟರ ಮಟ್ಟಿಗೆ ಸಂಪಾದಕನ ಸಂಗೀತ.

ಈ ಕೆಲಸಕ್ಕೆ ಮೊದಲು ಗಂಭೀರವಾಗಿ ಕೈಹಾಕಿದವರಲ್ಲಿ ಇಟಲಿಯ ಓಸ್ಕಾರ್ ಕಿಲೆಸೊಟ್ಟಿ (1848–1916) ಒಬ್ಬ. ಲ್ಯೂಟ್ ಮೂಲೆ ಸೇರಿದ್ದ ಕಾಲದಲ್ಲಿ ಹಳೆಯ ಟ್ಯಾಬ್ಲೇಚರ್‌ಗಳನ್ನು ಓದಿ ಸ್ಟಾಫಿಗೆ ಇಳಿಸಿದ. 1891ರ ಅವನ ಸಂಕಲನ ಹದಿನಾರನೆಯ ಶತಮಾನದ ವಾದಕರದು. ಅವನು ಇಳಿಸಿಕೊಟ್ಟ ಸಂಗೀತವನ್ನೇ ಮುಂದೆ ಇಟಲಿಯ ಸಂಗೀತಕಾರ ರೆಸ್ಪಿಗಿ ಎತ್ತಿಕೊಂಡು 1917ರಿಂದ ಆರ್ಕೆಸ್ಟ್ರಾಕ್ಕೆ ಹೊಂದಿಸಿದ. ಲ್ಯೂಟನ್ನು ಕಣ್ಣಿನಿಂದಲೂ ನೋಡದ ಜನಕ್ಕೆ ಲ್ಯೂಟಿನ ಸಂಗೀತ ಮೊದಲು ತಲುಪಿದ್ದು ಪಿಟೀಲುಗಳ ಗುಂಪಿನ ಮೂಲಕ. ಇದರಲ್ಲಿ ತಪ್ಪೇನೂ ಇಲ್ಲ. ಕೇಳಲು ಇಂದಿಗೂ ಚೆನ್ನಾಗಿದೆ. ಆದರೆ ನುಡಿಸಲು ಪುಸ್ತಕ ಹುಡುಕುವವರಿಗೆ ಅದು ಆಧಾರವಾಗದು.

ಬಾಖ್‌ನ ಕಥೆ ಇನ್ನೂ ಸ್ವಾರಸ್ಯದ್ದು. ಗಿಟಾರ್ ಕಲಿಯುವವರೆಲ್ಲ ಒಂದು ಹಂತದಲ್ಲಿ ‘ಬಾಖ್‌ನ ಲ್ಯೂಟ್ ಸ್ವೀಟ್‌ಗಳು’ ಎಂಬ ಪುಸ್ತಕ ಕೊಳ್ಳುತ್ತಾರೆ; ಸ್ವೀಟ್ ಎಂದರೆ ನೃತ್ಯಗತಿಗಳ ಮಾಲೆ. ಹೀಗೊಂದು ಗುಂಪನ್ನು ಬಾಖ್ ಮಾಡಿರಲೇ ಇಲ್ಲ. ಅಲ್ಲಲ್ಲಿ ಚದುರಿದ್ದನ್ನು ಒಟ್ಟುಗೂಡಿಸಿ ಲ್ಯೂಟಿನ ಕೃತಿಗಳೆಂದು ಕೊಟ್ಟದ್ದು 1921ರಲ್ಲಿ ಹಾನ್ಸ್ ಡಾಗೊಬೆರ್ಟ್ ಬ್ರೂಗರ್. ಬಿಡಿಬಿಡಿಯಾಗಿ ನೋಡಿದರೆ ಒಂದೊಂದರ ಜಾತಕವೂ ಬೇರೆ. ಬಾಖ್ ಕೃತಿಪಟ್ಟಿಯ, ಅಂದರೆ ಬಿಡಬ್ಲ್ಯುವಿಯ, 995ರ ಸ್ವಹಸ್ತಪ್ರತಿ ಬ್ರಸೆಲ್ಸ್‌ನಲ್ಲಿದೆ. ಶೀರ್ಷಿಕೆಯಲ್ಲಿ ಲ್ಯೂಟ್ ಎಂದೇ ಇದೆ, ಆದರೆ ಬರೆದದ್ದು ಟ್ಯಾಬ್ಲೇಚರ್‌ನಲ್ಲಲ್ಲ, ಎರಡು ಸ್ಟಾಫ್‌ಗಳಲ್ಲಿ. ಅದರಲ್ಲಿ ಬರುವ ಅತಿಮಂದ್ರದ ಜಿ ಸ್ವರ ಅಂದಿನ ಹದಿಮೂರು ಜೋಡಿಯ ಲ್ಯೂಟಿನಲ್ಲಿ ಇಲ್ಲವೇ ಇಲ್ಲ. ಕೃತಿಯೂ ಹೊಸದಲ್ಲ, ಚೆಲ್ಲೋಗಾಗಿ ಬರೆದ ಐದನೆಯ ಸ್ವೀಟ್ ಅನ್ನೇ ಮಾರ್ಪಡಿಸಿದ್ದು. 996 ಉಳಿದಿರುವುದು ಯೋಹಾನ್ ಗಾಟ್‌ಫ್ರೀಡ್ ವಾಲ್ಟರ್ ಮಾಡಿಕೊಂಡ ನಕಲಿನಲ್ಲಿ. ಅದರ ಮೇಲೆ ಬೇರೆ ಯಾವುದೋ ಕೈ ‘ಲಾಟೆನ್‌ವೆರ್ಕ್‌ಗೆ’ ಎಂದು ಸೇರಿಸಿದೆ. ಲಾಟೆನ್‌ವೆರ್ಕ್ ಎಂದರೆ ಕರುಳಿನ ತಂತಿ ಬಿಗಿದ, ಲ್ಯೂಟಿನ ನಾದ ಕೊಡುವ ಕೀಬೋರ್ಡ್. 1750ರಲ್ಲಿ ಬಾಖ್ ತೀರಿಕೊಂಡಾಗ ಆಸ್ತಿಪಟ್ಟಿಯಲ್ಲಿ ಅಂಥವು ಎರಡು ಇದ್ದವು. ನಿಜವಾದ ಟ್ಯಾಬ್ಲೇಚರ್ ಉಳಿದಿರುವುದು ಕೆಲವಕ್ಕೆ ಮಾತ್ರ, ಅದೂ ವೈರಾಖ್ ಮೊದಲಾದ ಸಮಕಾಲೀನರ ಕೈಯದು.

1976ರಲ್ಲಿ ಬಂದ ಹೊಸ ಬಾಖ್ ಸಮಗ್ರದ ಸಂಪುಟ ‘ಲ್ಯೂಟ್ ಜಾತಿಯ ವಾದ್ಯಗಳಿಗಾಗಿ’ ಎಂಬ ಎಚ್ಚರದ ಹೆಸರಿಟ್ಟುಕೊಂಡಿತು. ಹಸ್ತಪ್ರತಿಗಳ ವಿವರವನ್ನು ಪ್ರತ್ಯೇಕ ವಿಮರ್ಶಾ ಸಂಪುಟದಲ್ಲಿ ಕೊಟ್ಟಿತು. ಗಿಟಾರ್‌ಗೆ ಹೊಂದಿಸಿದ ಆವೃತ್ತಿಗಳಲ್ಲಿ ಫ್ರಾಂಕ್ ಕೂನ್ಸ್ ಅವರದು ನನ್ನ ಮೆಚ್ಚಿಗೆಯದು. ತಾನು ಎಲ್ಲಿ ಶ್ರುತಿ ಬದಲಿಸಿದೆ, ಯಾವ ಮಂದ್ರಸ್ವರವನ್ನು ಮೇಲಿನ ಸ್ಥಾಯಿಗೆ ಎತ್ತಿದೆ ಎಂದು ಓದುಗನಿಗೆ ಅವರು ಲೆಕ್ಕ ಒಪ್ಪಿಸುತ್ತಾರೆ. ಬೆರಳಿನ ಅಂಕಿಗಳನ್ನು ಪುಟದ ತುಂಬ ಎರಚಿ, ಮೂಲದಲ್ಲಿ ಇಲ್ಲದ ಏರಿಳಿತದ ಗುರುತುಗಳನ್ನು ಬಾಖ್‌ನದೇ ಎಂಬಂತೆ ಅಚ್ಚು ಹಾಕುವ ಹಳೆಯ ಆವೃತ್ತಿಗಳು ಅಗ್ಗವಾಗಿ ಸಿಗುತ್ತವೆ, ಹಾಗೆಯೇ ಮೂಲೆಗೂ ಬೀಳುತ್ತವೆ.

ಬಾಖ್‌ಗಿಂತ ಎರಡು ವರ್ಷ ಕಿರಿಯ, ಅವನು ಸತ್ತ ವರ್ಷವೇ ಸತ್ತ ಸಿಲ್ವಿಯಸ್ ಲಿಯೊಪೋಲ್ಡ್ ವೈಸ್ ಮಾತ್ರ ಅಪ್ಪಟ ಲ್ಯೂಟಿನವನು, ಡ್ರೆಸ್ಡೆನ್ ಆಸ್ಥಾನದಲ್ಲಿದ್ದವನು. ಅವನ ಸಂಗೀತದ ಎರಡು ದೊಡ್ಡ ಹಸ್ತಪ್ರತಿಗಳು ಲಂಡನ್ನಿನಲ್ಲೂ ಡ್ರೆಸ್ಡೆನ್ನಿನಲ್ಲೂ ಇವೆ. 1983ರಿಂದ ಡಗ್ಲಸ್ ಆಲ್ಟನ್ ಸ್ಮಿತ್ ಸಂಪಾದಿಸಿದ ಸಮಗ್ರ ಆವೃತ್ತಿ ಬರತೊಡಗಿತು. ಮೊದಲು ಪೀಟರ್ಸ್ ಸಂಸ್ಥೆ ಪ್ರಕಟಿಸಿತು, ಮುಂದೆ ಟಿಮ್ ಕ್ರಾಫರ್ಡ್ ಅವರ ಸಂಪಾದನೆಯಲ್ಲಿ ಬೇರೆನ್‌ರೈಟರ್. ಅದರ ಕ್ರಮ ನೋಡುವಂಥದ್ದು: ಟ್ಯಾಬ್ಲೇಚರ್ ಒಂದು ಸಂಪುಟದಲ್ಲಿ, ಅದನ್ನು ಸ್ಟಾಫಿಗೆ ಇಳಿಸಿದ್ದು ಇನ್ನೊಂದರಲ್ಲಿ. ಲ್ಯೂಟ್ ನುಡಿಸುವವನಿಗೆ ಎರಡನೆಯದು ಬೇಕಾಗಿಲ್ಲ, ನುಡಿಸದವನಿಗೆ ಮೊದಲನೆಯದು ಅರ್ಥವಾಗುವುದಿಲ್ಲ, ಸಂಶಯ ಬಂದವನು ಎರಡನ್ನೂ ಬಿಚ್ಚಿಟ್ಟು ಹೋಲಿಸಿಕೊಳ್ಳಬಹುದು. ಫ್ರಾನ್ಸಿನ ಸಂಶೋಧನಾ ಕೇಂದ್ರ ತನ್ನ ದೇಶದ ಲ್ಯೂಟ್ ವಾದಕರ ಸಂಗೀತವನ್ನು ಪ್ರಕಟಿಸಿದಾಗಲೂ ಟ್ಯಾಬ್ಲೇಚರ್ ಮತ್ತು ಸ್ಟಾಫ್ ಎರಡನ್ನೂ ಕೊಟ್ಟಿತು. ಈ ವಾದ್ಯಕ್ಕೆ ಇದಕ್ಕಿಂತ ಒಳ್ಳೆಯ ಮಾದರಿಯನ್ನು ನಾನು ನೋಡಿಲ್ಲ.

ಮ್ಯಾಂಡೊಲಿನ್ ಕಡೆಗೆ ಬಂದರೆ ಮೊದಲ ತೊಡಕು ವಾದ್ಯದ್ದೇ. ನಮ್ಮಲ್ಲಿ ನಾಟಕದ ಕಂಪನಿಗಳಿಂದ ಸಿನಿಮಾದವರೆಗೆ ಕಂಡ ಮ್ಯಾಂಡೊಲಿನ್ ನೇಪಲ್ಸ್ ಮಾದರಿಯದು: ನಾಲ್ಕು ಜೋಡಿ ಲೋಹದ ತಂತಿ, ಪಿಟೀಲಿನ ಶ್ರುತಿ. ಈ ಮಾದರಿ ನೆಲೆಗೊಂಡದ್ದು ಹದಿನೆಂಟನೆಯ ಶತಮಾನದ ನಡುವಿನಲ್ಲಿ. ವಿವಾಲ್ಡಿ (1678–1741) ಬರೆದದ್ದು ಅದಕ್ಕೂ ಹಿಂದಿನ, ಕರುಳಿನ ತಂತಿಯ, ನಾಲ್ಕನೆಯ ಸ್ವರದ ಅಂತರಗಳಲ್ಲಿ ಶ್ರುತಿ ಮಾಡುವ ಪುಟ್ಟ ಮ್ಯಾಂಡೊಲಿನೊಗೆ ಎಂದು ಇಂದಿನ ವಿದ್ವಾಂಸರು ಹೇಳುತ್ತಾರೆ. ಅವನ ಒಂಟಿ ಮ್ಯಾಂಡೊಲಿನ್ ಕಾಂಚೆರ್ಟೊ ಕೃತಿಪಟ್ಟಿಯಲ್ಲಿ ಆರ್‌ವಿ 425, ಜೋಡಿ ಮ್ಯಾಂಡೊಲಿನ್‌ನದು 532. ಇವುಗಳ ಪ್ರತಿ ಟ್ಯೂರಿನ್ನಿನ ರಾಷ್ಟ್ರೀಯ ಗ್ರಂಥಾಲಯದಲ್ಲಿದೆ. ಆ ಗ್ರಂಥರಾಶಿ ಅಲ್ಲಿಗೆ ಸೇರಿದ್ದೇ 1927 ಮತ್ತು 1930ರಲ್ಲಿ, ಎರಡು ಕಂತಿನಲ್ಲಿ. ಅಲ್ಲಿಯವರೆಗೆ ವಿವಾಲ್ಡಿಯ ಹೆಚ್ಚಿನ ಸಂಗೀತ ಲೋಕಕ್ಕೆ ಇರಲೇ ಇಲ್ಲ. 1947ರಿಂದ ರಿಕಾರ್ಡಿ ಸಂಸ್ಥೆ ಮಾಲಿಪಿಯೆರೊ ಮುಂದಾಳುತನದಲ್ಲಿ ವಿವಾಲ್ಡಿಯ ವಾದ್ಯಸಂಗೀತವನ್ನೆಲ್ಲ ಪ್ರಕಟಿಸಿತು. ಆ ದಿನಕ್ಕೆ ಅದು ದೊಡ್ಡ ಸಾಹಸ. ಇಂದು ಕೊಳ್ಳುವುದಾದರೆ ಅದೇ ಸಂಸ್ಥೆಯ ಹೊಸ ವಿಮರ್ಶಾತ್ಮಕ ಆವೃತ್ತಿ ಕೇಳಿ.

ವಿವಾಲ್ಡಿಯ ಆರ್‌ವಿ 93 ಲ್ಯೂಟಿನ ಹೆಸರಿನಲ್ಲಿದೆ. ಅದನ್ನು ಬರೆದ ಸ್ಥಾಯಿಯಲ್ಲೇ ಚಿಕ್ಕ ಲ್ಯೂಟಿನಲ್ಲಿ ನುಡಿಸಬೇಕೋ, ಒಂದು ಸ್ಥಾಯಿ ಕೆಳಗೆ ದೊಡ್ಡದರಲ್ಲೋ ಎಂಬ ಜಗಳ ಇನ್ನೂ ಮುಗಿದಿಲ್ಲ. ಮುನ್ನುಡಿಯಲ್ಲಿ ಈ ಜಗಳದ ಸುದ್ದಿಯೇ ಇಲ್ಲದ ಆವೃತ್ತಿ ಕೈಗೆ ಬಂದರೆ ಕೆಳಗಿಡಿ. ಡೊಮೆನಿಕೊ ಸ್ಕಾರ್ಲಾಟ್ಟಿಯ ಕೆ. 89 ಸೊನಾಟಾದ ಪ್ಯಾರಿಸ್ ಪ್ರತಿಯೊಂದರಲ್ಲಿ ಮ್ಯಾಂಡೊಲಿನ್ ಹೆಸರಿದೆ. ಅದರ ಬಲದ ಮೇಲೆ ಅವನ ಇನ್ನೂ ಕೆಲವು ಸೊನಾಟಾಗಳು ಮ್ಯಾಂಡೊಲಿನ್ ಪುಸ್ತಕಗಳಿಗೆ ಸೇರಿಕೊಂಡಿವೆ. ಸ್ವೀಡನ್ನಿನ ಉಪ್ಸಾಲಾದಲ್ಲಿರುವ ಗಿಮೊ ಸಂಗ್ರಹದಲ್ಲಿ 1760ರ ದಶಕದಲ್ಲಿ ಇಟಲಿಯಿಂದ ಕೊಂಡೊಯ್ದ ಬಾರ್ಬೆಲ್ಲಾ, ಜೆರ್ವಾಸಿಯೊ ಮೊದಲಾದವರ ಕೃತಿಗಳಿವೆ. ಕಾಲ ಬರೋಕ್‌ನ ಅಂಚು ದಾಟಿದ್ದರೂ ಇಂದಿನ ಮ್ಯಾಂಡೊಲಿನ್‌ನಲ್ಲಿ ಕೈಗೆ ಸಲೀಸಾಗಿ ಕೂರುವುದು ಇವೇ. ಟೈಲರ್ ಮತ್ತು ಸ್ಪಾರ್ಕ್ಸ್ 1989ರಲ್ಲಿ ಬರೆದ ಹಳೆಯ ಮ್ಯಾಂಡೊಲಿನ್ನಿನ ಚರಿತ್ರೆ ಈ ಕಾಡಿನಲ್ಲಿ ದಾರಿ ತೋರಿಸುತ್ತದೆ.

ನನ್ನನ್ನು ಕೇಳಿದರೆ ಮ್ಯಾಂಡೊಲಿನ್ ಕೈಯಲ್ಲಿರುವವರು ಮೊದಲು ಮ್ಯಾಂಡೊಲಿನ್ ಎಂದು ಹೆಸರಿಟ್ಟ ಪುಸ್ತಕವನ್ನೇ ಕೊಳ್ಳಬೇಕಾಗಿಲ್ಲ. ಬಾಖ್ ಒಂಟಿ ಪಿಟೀಲಿಗೆ ಬರೆದ ಆರು ಕೃತಿಗಳ 1720ರ ಸ್ವಹಸ್ತಪ್ರತಿ ಪೂರ್ತಿಯಾಗಿ ಉಳಿದಿದೆ, ಅದರ ಪಡಿಯಚ್ಚೂ ಸಿಗುತ್ತದೆ. ಶ್ರುತಿ ಒಂದೇ ಆದ್ದರಿಂದ ಹೊಂದಿಸುವವನ ಕೈ ನಡುವೆ ಬರುವುದಿಲ್ಲ. ಬಾಖ್ ಬರೆದ ಕಮಾನಿನ ಗುರುತುಗಳು ಪ್ಲೆಕ್ಟ್ರಂಗೆ ನೇರವಾಗಿ ಒದಗವು. ಆದರೆ ಸಾಲು ಎಲ್ಲಿ ಉಸಿರಾಡುತ್ತದೆ ಎಂದು ಅವೇ ತಿಳಿಸುತ್ತವೆ. ಪಿಟೀಲಿನವರ ಹೊಸ ಆವೃತ್ತಿಯೊಂದನ್ನು ಪಕ್ಕದಲ್ಲಿಟ್ಟುಕೊಂಡರೆ ಸಾಕು.

ಇನ್ನು ನಮ್ಮ ಕಡೆ. ಲ್ಯೂಟ್ ವಾದಕ ಕಾಪ್ಸ್‌ಬೆರ್ಗರ್ ವೆನಿಸಿನಲ್ಲಿ ಉದ್ದ ದಂಡಿಯ ಲ್ಯೂಟಾದ ಕಿಟರೋನೆಯ ತನ್ನ ಪುಸ್ತಕವನ್ನು 1604ರಲ್ಲಿ ಅಚ್ಚು ಹಾಕಿಸಿದ. ಐದು ವರ್ಷಕ್ಕೆ, 1609ರಲ್ಲಿ, ಸೋಮನಾಥ ಸಂಸ್ಕೃತದಲ್ಲಿ ‘ರಾಗವಿಬೋಧ’ ಬರೆದು ಮುಗಿಸಿದ. ಅದರ ಕೊನೆಯ ಅಧ್ಯಾಯದಲ್ಲಿ ಸುಮಾರು 50 ರಾಗಗಳ ಸ್ವರೂಪವನ್ನು ಸ್ವರಾಕ್ಷರಗಳಲ್ಲಿ ಬರೆದಿದ್ದಾನೆ. ಅಷ್ಟೇ ಆಗಿದ್ದರೆ ವಿಶೇಷವಿರಲಿಲ್ಲ. ವೀಣೆಯ ಮೇಲೆ ಎಳೆಯುವುದು, ಜಾರುವುದು, ಒತ್ತುವುದು, ನಾದವನ್ನು ತಡೆಯುವುದು ಇವಕ್ಕೆ ಇಪ್ಪತ್ತರಷ್ಟು ಗುರುತುಗಳನ್ನೂ ಕಟ್ಟಿಕೊಟ್ಟ. ಟ್ಯಾಬ್ಲೇಚರ್ ಹೇಳದೆ ಬಿಟ್ಟದ್ದನ್ನು, ಅಂದರೆ ಮೀಟಿದ ಮೇಲೆ ಸ್ವರಕ್ಕೆ ಏನಾಗುತ್ತದೆ ಎಂಬುದನ್ನು ಬರೆಯಹೊರಟವನು ಇವನು. ಆದರೆ ತಾಳದ ಲೆಕ್ಕವನ್ನು ಟ್ಯಾಬ್ಲೇಚರ್ ಹೇಳಿದಷ್ಟು ಸ್ಪಷ್ಟವಾಗಿ ಹೇಳಲಿಲ್ಲ.

ಸೋಮನಾಥನ ಸಂಗೀತದ ಭಾಗವನ್ನು ಮೊದಲು ವಿಮರ್ಶಾತ್ಮಕವಾಗಿ ಸಂಪಾದಿಸಿದ್ದು ರಿಚರ್ಡ್ ಸೈಮನ್, 1904ರಲ್ಲಿ, ಲೈಪ್ಜಿಗ್‌ನಿಂದ. ಅಡ್ಯಾರ್ ಗ್ರಂಥಾಲಯದ ಆವೃತ್ತಿ ಬಂದದ್ದು 1945ರಲ್ಲಿ, ಸುಬ್ರಹ್ಮಣ್ಯ ಶಾಸ್ತ್ರಿಗಳ ಸಂಪಾದನೆಯಲ್ಲಿ. ನುಡಿಸುವವರ ಕಣ್ಣಿನಿಂದ ನೋಡಿ, ಗುರುತುಗಳನ್ನೆಲ್ಲ ಬಿಡಿಸಿ ಸ್ಟಾಫಿಗೆ ಇಳಿಸಿದ್ದು ಎಮ್ಮಿ ಟೆ ನೈಯೆನ್‌ಹಾಯ್ಸ್, 1976ರಲ್ಲಿ, ಲೈಡನ್‌ನಿಂದ. ಮೂರರಲ್ಲಿ ಒಂದನ್ನೇ ಕೊಳ್ಳುವುದಾದರೆ ಕೊನೆಯದು. ಶಾಸ್ತ್ರಭಾಗ ಬೇಕೆನ್ನುವವರಿಗೆ ಅಡ್ಯಾರಿನದು.

ಮೆಟ್ಟಿಲಿನ ಚರಿತ್ರೆಗೆ ಕನ್ನಡ ನಾಡಿನ ಋಣ ದೊಡ್ಡದು. 1550ರಲ್ಲಿ ವಿಜಯನಗರದ ಅಳಿಯ ರಾಮರಾಯನ ಆಶ್ರಯದಲ್ಲಿ ರಾಮಾಮಾತ್ಯ ಬರೆದ ‘ಸ್ವರಮೇಳಕಲಾನಿಧಿ’ ವೀಣೆಯ ಮೆಟ್ಟಿಲುಗಳನ್ನು ಕೂರಿಸುವ ಬಗೆಯನ್ನು ಬಿಡಿಸಿ ಹೇಳಿತು. ಶಿವಗಂಗೆಯ ಕಡೆಯ ಸಾತನೂರಿನ ಪುಂಡರೀಕ ವಿಠಲ ಖಾನ್‌ದೇಶಕ್ಕೆ ಹೋಗಿ, ಆಮೇಲೆ ಅಕ್ಬರನ ಕಾಲದ ಉತ್ತರದಲ್ಲಿ ನಿಂತು ಸಂಗೀತದ ಗ್ರಂಥಗಳನ್ನು ಬರೆದ. ತಂಜಾವೂರಿನ ನಾಯಕರ ಮಂತ್ರಿ ಗೋವಿಂದ ದೀಕ್ಷಿತ ಕನ್ನಡ ಮನೆತನದವನು. ಅವನ ಮಗ ವೆಂಕಟಮಖಿಯ ‘ಚತುರ್ದಂಡೀ ಪ್ರಕಾಶಿಕಾ’ ಹದಿನೇಳನೆಯ ಶತಮಾನದ ನಡುಗಾಲದ್ದು. ಇಂದಿನ 24 ಮೆಟ್ಟಿಲಿನ ವೀಣೆ ರಘುನಾಥ ನಾಯಕನ ಹೆಸರು ಹೊತ್ತ ಮೇಳದ ವಂಶದ್ದು. ಕೆಳದಿಯ ಬಸವಪ್ಪ ನಾಯಕನ ‘ಶಿವತತ್ತ್ವ ರತ್ನಾಕರ’ 1709ರ ಸುಮಾರಿಗೆ ಬಂತು, ಅದರಲ್ಲೂ ಸಂಗೀತದ ಭಾಗವಿದೆ. ಆ ಹೊತ್ತಿಗೆ ವಿವಾಲ್ಡಿಗೆ ಮೂವತ್ತು ದಾಟಿತ್ತಷ್ಟೆ.

ಈ ಗ್ರಂಥಗಳು ಹಸ್ತಪ್ರತಿಯಿಂದ ಹೊರಬಂದದ್ದು ಬಹುಮಟ್ಟಿಗೆ ಇಪ್ಪತ್ತನೆಯ ಶತಮಾನದಲ್ಲಿ. ಮದ್ರಾಸ್ ಮ್ಯೂಸಿಕ್ ಅಕಾಡೆಮಿ 1934ರಲ್ಲಿ ‘ಚತುರ್ದಂಡೀ ಪ್ರಕಾಶಿಕಾ’ ತಂದಿತು. ಮೈಸೂರಿನ ಆರ್. ಸತ್ಯನಾರಾಯಣ ಅದನ್ನೂ ಪುಂಡರೀಕ ವಿಠಲನನ್ನೂ ಮತ್ತೆ ಸಂಪಾದಿಸಿದರು. ಒಬ್ಬ ಮನುಷ್ಯನ ಒಂದು ಜೀವಮಾನದಲ್ಲಿ ಇಷ್ಟು ಗ್ರಂಥಗಳು ಪಾಠಾಂತರ ಸಹಿತ ಹೊರಬಂದದ್ದು ಆಶ್ಚರ್ಯವೇ. ವೆಂಕಣ್ಣಯ್ಯನವರ ತಲೆಮಾರು ಕಾವ್ಯಕ್ಕೆ ಮಾಡಿದ್ದನ್ನು ಇವರು ಸಂಗೀತಶಾಸ್ತ್ರಕ್ಕೆ ಮಾಡಿದರು.

ಶಾಸ್ತ್ರ ಸಿಕ್ಕಿತು, ನುಡಿಸಲು ಸಂಗೀತ? ತಂಜಾವೂರಿನ ಸರಸ್ವತಿ ಮಹಲ್ ಗ್ರಂಥಾಲಯದಲ್ಲಿ ಹಳೆಯ ಆಲಾಪ, ಠಾಯ, ಗೀತ, ಸುಳಾದಿಗಳನ್ನು ಸ್ವರಸಹಿತ ಬರೆದ ಪ್ರತಿಗಳಿವೆ. 1958ರಲ್ಲಿ ಕೆ. ವಾಸುದೇವ ಶಾಸ್ತ್ರಿಗಳ ಸಂಪಾದನೆಯಲ್ಲಿ ಆಲಾಪ ಮತ್ತು ಠಾಯಗಳ ಒಂದು ಸಂಪುಟ ಅಲ್ಲಿಂದ ಬಂತು. ಬರೋಕ್ ಲ್ಯೂಟಿನ ಪ್ರೆಲ್ಯೂಡ್‌ಗಳಿಗೆ ನಮ್ಮಲ್ಲಿ ಸಮಕಾಲೀನ ಜೊತೆ ಇದ್ದರೆ ಇದೇ. ಸ್ವರಗಳಿವೆ, ಗಮಕದ ಗುರುತಿಲ್ಲ. ಇಂದಿನ ರಾಗದ ಗಮಕವನ್ನು ಅದಕ್ಕೆ ಹಚ್ಚಿ ನುಡಿಸಬಹುದು, ಆದರೆ ಹಾಗೆ ನುಡಿಸಿದ್ದು ಇಂದಿನದೇ ಹೊರತು ಆ ಪ್ರತಿಗಳ ಕಾಲದ್ದಲ್ಲ.

ಗಮಕವನ್ನೂ ಕಾಗದಕ್ಕೆ ಇಳಿಸುವ ಹಟ ತೊಟ್ಟವರು ಸುಬ್ಬರಾಮ ದೀಕ್ಷಿತರು. ಅವರ ‘ಸಂಗೀತ ಸಂಪ್ರದಾಯ ಪ್ರದರ್ಶಿನಿ’ 1904ರಲ್ಲಿ ಎಟ್ಟಯಪುರದಿಂದ ತೆಲುಗು ಲಿಪಿಯಲ್ಲಿ ಬಂತು. ರಿಚರ್ಡ್ ಸೈಮನ್ನನ ಸೋಮನಾಥ ಅಚ್ಚಾದದ್ದೂ ಅದೇ ವರ್ಷ, ಒಬ್ಬರಿಗೊಬ್ಬರ ಸುದ್ದಿ ಇದ್ದಿರಲಾರದು. ದೀಕ್ಷಿತರ ಬೆನ್ನಿಗಿದ್ದವರು ಚಿನ್ನಸ್ವಾಮಿ ಮೊದಲಿಯಾರ್. 1890ರ ದಶಕದಲ್ಲಿ ಕರ್ನಾಟಕ ಸಂಗೀತವನ್ನು ಸ್ಟಾಫ್ ನೊಟೇಶನ್ನಿಗೆ ಇಳಿಸಿ ಅಚ್ಚು ಹಾಕಿಸಲು ಕಣ್ಣನ್ನೂ ಕಾಸನ್ನೂ ಸವೆಸಿದ ಮನುಷ್ಯ. ದೀಕ್ಷಿತರ ಗಮಕದ ಗುರುತುಗಳು ವೀಣೆಯವನ ಭಾಷೆ: ಕಂಪಿತ, ಜಾರು, ನೊಕ್ಕು, ಸ್ಫುರಿತ. ತೆಲುಗು ಓದಬಲ್ಲವರಿಗೆ ಮೂಲವೇ ಲೇಸು. ರಾಯದುರ್ಗದ ಗಡಿಗೆ ಅಂಟಿಕೊಂಡ ಚಳ್ಳಕೆರೆ, ಮೊಳಕಾಲ್ಮುರುಗಳಲ್ಲಿ ಅಂಥವರಿಗೆ ಬರವಿಲ್ಲ. 1961ರಿಂದ 1983ರವರೆಗೆ ಮ್ಯೂಸಿಕ್ ಅಕಾಡೆಮಿ ಈ ಗ್ರಂಥವನ್ನು ತಮಿಳು ಲಿಪಿಯಲ್ಲಿ ಮರುಮುದ್ರಿಸಿತು. ಆಮೇಲಿನ ಅನೇಕ ಜನಪ್ರಿಯ ಪುಸ್ತಕಗಳು ಸ್ವರ ಉಳಿಸಿಕೊಂಡು ಗುರುತುಗಳನ್ನು ಕೈಬಿಟ್ಟವು. ಅಚ್ಚಿನ ಮೊಳೆ ಸಿಗದ ತಾಪತ್ರಯ ಒಂದು ಕಾರಣವಿರಬಹುದು. ಕಂಪ್ಯೂಟರಿನಲ್ಲಿ ಮೊಳೆ ಜೋಡಿಸುವ ಈ ಕಾಲದಲ್ಲಿ ಆ ನೆವ ನಡೆಯದು. ಇನ್ನೊಂದು ಮಾತು. ವೆಂಕಟಮಖಿಯ ಹೆಸರಿನಲ್ಲಿ ‘ಪ್ರದರ್ಶಿನಿ’ಯಲ್ಲಿರುವ ಗೀತಗಳೆಲ್ಲ ಅವನವೇ ಎಂಬುದನ್ನು ಇಂದಿನ ವಿದ್ವಾಂಸರು ಒಪ್ಪುವುದಿಲ್ಲ. ಬಾಖ್‌ನ ಲ್ಯೂಟ್ ಗುಂಪಿಗೆ ಆದದ್ದೇ ಇಲ್ಲೂ ಆಗಿದೆ.

ಕನ್ನಡದಲ್ಲಿ ಅಚ್ಚಿನ ದಾರಿ ಬೇರೆ ಹಿಡಿಯಿತು. 1850ರಲ್ಲಿ ಮಂಗಳೂರಿನಲ್ಲಿ ಹರ್ಮನ್ ಮೋಗ್ಲಿಂಗ್ ದಾಸರ ಪದಗಳನ್ನು ಅಚ್ಚು ಹಾಕಿಸಿದರು. ಆಮೇಲೆ ಉಡುಪಿಯಲ್ಲಿ ಪಾವಂಜೆ ಗುರುರಾಯರು, 1960ರ ದಶಕದಲ್ಲಿ ಧಾರವಾಡದಲ್ಲಿ ಬೆಟಗೇರಿ ಕೃಷ್ಣಶರ್ಮ ಮತ್ತು ಬೆಂಗೇರಿ ಹುಚ್ಚುರಾಯರು, ಹೀಗೆ ಸಂಪುಟದ ಮೇಲೆ ಸಂಪುಟ. ಪದಗಳೆಲ್ಲ ಬಂದವು. ತಲೆಯ ಮೇಲೆ ರಾಗದ ಹೆಸರು, ತಾಳದ ಹೆಸರು, ಅಷ್ಟೆ. ಅವೂ ಒಂದು ಪುಸ್ತಕದಿಂದ ಇನ್ನೊಂದಕ್ಕೆ ಬದಲಾಗುತ್ತವೆ. ಬಾಖ್‌ಗಿಂತ ಮೂರು ವರ್ಷ ಮೊದಲು ಹುಟ್ಟಿ, ಅವನು ಸತ್ತ ಮೇಲೂ ಐದು ವರ್ಷ ಬದುಕಿದ್ದ ವಿಜಯದಾಸರ (1682–1755) ಸುಳಾದಿಗಳನ್ನು ನಾವು ಓದುತ್ತೇವೆ, ಪಾರಾಯಣ ಮಾಡುತ್ತೇವೆ. ಅವರು ಹಾಡಿದ ಧಾಟಿ ಯಾವುದೆಂದು ತೋರಿಸುವ ಅಚ್ಚಿನ ಪುಟ ನಮ್ಮ ಮುಂದಿಲ್ಲ.

ಹೀಗಾಗಿ ದೇವರನಾಮಗಳನ್ನು ಸ್ವರಸಹಿತ ಕೊಡುವ ಪುಸ್ತಕಗಳಲ್ಲಿರುವುದು ಹೆಚ್ಚಾಗಿ ಇಪ್ಪತ್ತನೆಯ ಶತಮಾನದ ಧಾಟಿ. ಗಾಯಕಿ ಲಲಿತಾಂಗಿ 1941ರಲ್ಲಿ ಪುರಂದರದಾಸರ ಕೃತಿಗಳನ್ನು ಸ್ವರಸಹಿತ ಪ್ರಕಟಿಸಿದರು. ಅವರ ಮಗಳು ಎಂ.ಎಲ್. ವಸಂತಕುಮಾರಿಯ ಕಂಠದಿಂದ ಆ ಪಾಠ ಮನೆಮನೆಗೆ ಹೋಯಿತು. ಭೀಮಸೇನ ಜೋಶಿಯವರದು ಇನ್ನೊಂದು ಲೋಕ. ಎರಡೂ ಸೊಗಸು, ಆದರೆ ‘ಪುರಂದರದಾಸರ ಮೂಲ ಮಟ್ಟು’ ಎಂದು ರಟ್ಟಿನ ಮೇಲೆ ಅಚ್ಚಾಗಿದ್ದರೆ ನಂಬಬೇಡಿ. ಈ ಧಾಟಿ ಯಾರದು, ಯಾರಿಂದ ಕಲಿತದ್ದು ಎಂದು ಒಂದು ಸಾಲು ಬರೆದ ಪುಸ್ತಕ ತೆಳ್ಳಗಿದ್ದರೂ ಕೊಳ್ಳಿ. ಪರೀಕ್ಷೆಗೆ ಕೂರುವವರಿಗೆ ವಿ.ಎಸ್. ಸಂಪತ್ಕುಮಾರಾಚಾರ್ಯ ಮತ್ತು ವಿ. ರಾಮರತ್ನಂ ಅವರ ‘ಕರ್ನಾಟಕ ಸಂಗೀತ ದೀಪಿಕೆ’ಯಂಥ ಪಠ್ಯಗಳಿವೆ. ಅವು ಪಾಠದ ಪುಸ್ತಕಗಳು, ಅವುಗಳಿಂದ ಪಾಠಾಂತರ ಬಯಸುವುದು ನ್ಯಾಯವಲ್ಲ.

ಅಕ್ಷರಕ್ಕೆ ಧಾಟಿ ಸಿಗದಿರುವುದಕ್ಕೆ ಈ ಸೀಮೆಯಲ್ಲೇ ಇನ್ನೆರಡು ಉದಾಹರಣೆಗಳಿವೆ. ತಳಕಿನವರೇ ಆದ ಕಾದಂಬರಿಕಾರ ತ.ರಾ.ಸು. ‘ಹಂಸಗೀತೆ’ಯಲ್ಲಿ ದುರ್ಗದ ಭೈರವಿ ವೆಂಕಟಸುಬ್ಬಯ್ಯನ ಕಥೆ ಹೇಳಿದರು. 1975ರಲ್ಲಿ ಜಿ.ವಿ. ಅಯ್ಯರ್ ಅದನ್ನು ಸಿನಿಮಾ ಮಾಡಿದಾಗ ಆ ಪಾತ್ರದ ಕಂಠ ಬಾಲಮುರಳೀಕೃಷ್ಣರದಾಯಿತು. ಕಾದಂಬರಿಯಲ್ಲಿ ಭೈರವಿಯ ಹೆಸರು ಸಿಗುತ್ತದೆ, ಭೈರವಿ ಸಿಗುವುದಿಲ್ಲ. ಚಳ್ಳಕೆರೆ ತಾಲ್ಲೂಕಿನ ಯಲಗಟ್ಟೆ ಗೊಲ್ಲರಹಟ್ಟಿಯ ಜನಪದ ಗಾಯಕಿ ಸಿರಿಯಜ್ಜಿ ಸಾವಿರಾರು ಪದ ಬಲ್ಲವರಾಗಿದ್ದರು. ಕೃಷ್ಣಮೂರ್ತಿ ಹನೂರರು ಅವನ್ನು ಪುಸ್ತಕಕ್ಕೆ ತಂದರು. ಆ ಪದಗಳನ್ನು ತಂತಿಯ ಮೇಲೆ ತರಬೇಕೆನ್ನುವವನು ಪುಸ್ತಕದ ಜೊತೆಗೆ ಹಟ್ಟಿಯಲ್ಲಿ ಹಾಡುವವರ ಮುಂದೆ ಹೋಗಿ ಕೂರಬೇಕು.

ಈಗ ದುಡ್ಡಿನ ಮಾತು. ಯುರೋಪಿನ ವಿಮರ್ಶಾತ್ಮಕ ಆವೃತ್ತಿಗಳು ನಮ್ಮ ಜೇಬಿಗೆ ಭಾರ. 2006ರಲ್ಲಿ ಆರಂಭವಾದ ಐಎಂಎಸ್‌ಎಲ್‌ಪಿ ಎಂಬ ಉಚಿತ ಭಂಡಾರದಲ್ಲಿ ಹಕ್ಕುಸ್ವಾಮ್ಯ ಮುಗಿದ ಹಳೆಯ ಅಚ್ಚುಗಳೂ ಹಸ್ತಪ್ರತಿಗಳ ಚಿತ್ರಗಳೂ ಸಿಗುತ್ತವೆ. ಚಳ್ಳಕೆರೆಯಲ್ಲಿ ಕೂತವನಿಗೂ ಬರ್ಲಿನ್ನಿನಲ್ಲಿ ಕೂತವನಿಗೂ ಒಂದೇ ಕಪಾಟು. ಆದರೆ ಹಕ್ಕು ಮುಗಿದದ್ದು ಎಂದರೆ ಹೆಚ್ಚಾಗಿ ಹತ್ತೊಂಬತ್ತನೆಯ ಶತಮಾನದ ಕೊನೆಯ ಅಥವಾ ಇಪ್ಪತ್ತನೆಯದರ ಮೊದಲ ಭಾಗದ ಅಚ್ಚು, ಸಂಪಾದಕರು ಎಗ್ಗಿಲ್ಲದೆ ಕೈಯಾಡಿಸುತ್ತಿದ್ದ ಕಾಲದ್ದು. ಆದ್ದರಿಂದ ಅಲ್ಲಿಂದ ಇಳಿಸಿಕೊಳ್ಳುವಾಗ ಹಳೆಯ ಅಚ್ಚನ್ನು ಬಿಟ್ಟು ಹಸ್ತಪ್ರತಿಯ ಚಿತ್ರವನ್ನೇ ಇಳಿಸಿಕೊಳ್ಳಿ. ಫ್ರೆಂಚ್ ಟ್ಯಾಬ್ಲೇಚರನ್ನು ಓದಲು ಕಲಿಯುವುದು ಕೆಲವು ದಿನದ ಕೆಲಸ. ವೀಣೆಯ ಮೆಟ್ಟಿಲು ಬಲ್ಲವರಿಗೆ ಇನ್ನೂ ಸುಲಭ, ಜೆ ಅಕ್ಷರವನ್ನು ಲೆಕ್ಕಕ್ಕೆ ಹಿಡಿಯದೆ, ಅಕ್ಷರ ಎಷ್ಟನೆಯದೋ ಅದರಿಂದ ಒಂದು ಕಳೆದರೆ ಮೆಟ್ಟಿಲಿನ ಸಂಖ್ಯೆ. ಎ ಎಂದರೆ ಖಾಲಿ ತಂತಿ, ಬಿ ಎಂದರೆ ಮೊದಲ ಮೆಟ್ಟಿಲು. ಉಳಿಸಿದ ದುಡ್ಡಿನಲ್ಲಿ ಒಂದೇ ಒಂದು ವಿಮರ್ಶಾತ್ಮಕ ಸಂಪುಟ ಕೊಳ್ಳಿ, ವೈಸ್‌ನದೋ ಸೋಮನಾಥನದೋ ಯಾವುದಾದರೂ ಸರಿ, ಅದರ ಟಿಪ್ಪಣಿಗಳನ್ನು ಮೊದಲಿಂದ ಕೊನೆಯವರೆಗೆ ಓದಿ. ಉಚಿತವಾಗಿ ಇಳಿಸಿಕೊಂಡದ್ದರಲ್ಲಿ ಯಾವುದು ಜೊಳ್ಳು ಎಂದು ಗುರುತಿಸುವ ಕಣ್ಣು ಬರುವುದು ಆ ಟಿಪ್ಪಣಿಗಳಿಂದ.